ಹೋಟೆಲಿನಲ್ಲಿ ಮೇಲ್ದರ್ಜೆಯ ಕೋಣೆ ಸಿಗುವ ಬಗೆ

ಹೊರದೇಶಕ್ಕೆ ಬಂದ ಮೇಲೆ ವಾರದ ಮೂರು ನಾಲ್ಕು ರಾತ್ರಿಗಳನ್ನು ಹೋಟೆಲಿನಲ್ಲಿ ಕಳೆಯುವುದು ನನ್ನ ಉದ್ಯೋಗದ ಭಾಗವಾಗಿಬಿಟ್ಟಿದೆ. ನಾನು ಕಳುಹಿಸುವ ಚಿತ್ರಗಳನ್ನು ನೋಡಿದ ಸ್ನೇಹಿತರು, ಸಾಮಾನ್ಯ ಕೋಣೆಯ ಬಾಡಿಗೆಗೆ ಸೂಟ್ (ಮಲಗುವ ಕೋಣೆಯಲ್ಲದೆ ಕೂರಲು ಬೇರೆ ಕೋಣೆಯೂ ಇರುವ ದೊಡ್ಡ ವಸತಿ) ಹೇಗೆ ಸಿಗುತ್ತದೆ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಅದನ್ನು ಅದೃಷ್ಟವೆಂದು ತಿಳಿದವರೇ ಹೆಚ್ಚು. ಆದರೆ ಆ ದಿನ ಮಾರಾಟವಾಗದೆ ಉಳಿದ ಕೋಣೆಗಳೆಷ್ಟು, ಅವುಗಳಿಗಾಗಿ ನಮಗಿಂತ ಮುಂದೆ ನಿಂತವರೆಷ್ಟು ಎಂಬ ಎರಡು ಲೆಕ್ಕಗಳು ಅರ್ಥವಾದರೆ ಇದರಲ್ಲಿ ನಿಗೂಢವಾದದ್ದು ಬಹಳ ಉಳಿಯುವುದಿಲ್ಲ.

ದೊಡ್ಡ ಹೋಟೆಲ್ ಸಮೂಹಗಳ ಲಾಯಲ್ಟಿ ಯೋಜನೆಗಳಲ್ಲಿ, ಅಂದರೆ ಮತ್ತೆ ಮತ್ತೆ ಬರುವ ಗ್ರಾಹಕರಿಗೆ ಸೌಲಭ್ಯ ಕೊಡುವ ಸದಸ್ಯತ್ವದ ಯೋಜನೆಗಳಲ್ಲಿ, ಒಂದು ವರ್ಷದಲ್ಲಿ ಕಳೆದ ರಾತ್ರಿಗಳಿಗೆ ತಕ್ಕಂತೆ ಸದಸ್ಯರ ದರ್ಜೆ ಏರುತ್ತದೆ. ಮ್ಯಾರಿಯಟ್ ಸಮೂಹದ ಯೋಜನೆಯಾದ ಮ್ಯಾರಿಯಟ್ ಬಾನ್‌ವಾಯ್‌ನಲ್ಲಿ 25 ರಾತ್ರಿಗಳಿಗೆ ಗೋಲ್ಡ್, 50ಕ್ಕೆ ಪ್ಲಾಟಿನಂ, 75ಕ್ಕೆ ಟೈಟಾನಿಯಂ ದರ್ಜೆ ದೊರೆಯುತ್ತದೆ. ಗೋಲ್ಡ್ ಸದಸ್ಯರಿಗೆ ಸಿಗುವುದು ಹೆಚ್ಚೆಂದರೆ ಎತ್ತರದ ಮಹಡಿಯ ಅಥವಾ ಮೂಲೆಯ ಕೋಣೆ. ಸೂಟ್‌ಗಳು ಲೆಕ್ಕಕ್ಕೆ ಬರುವುದು ಪ್ಲಾಟಿನಂನಿಂದ ಮೇಲೆ. ಹಯಾತ್ ಸಮೂಹದ ಯೋಜನೆಯಾದ ವರ್ಲ್ಡ್ ಆಫ್ ಹಯಾತ್‌ನಲ್ಲಿ 60 ರಾತ್ರಿಗಳನ್ನು ಪೂರೈಸಿ ಗ್ಲೋಬಲಿಸ್ಟ್ ಎಂಬ ಮೇಲಿನ ದರ್ಜೆಗೆ ಏರಿದವರಿಗೆ, ಬಂದಿಳಿದ ದಿನ ಸಾಮಾನ್ಯ ಸೂಟ್ ಖಾಲಿಯಿದ್ದರೆ ಅದನ್ನು ಕೊಡಬೇಕೆಂಬ ನಿಯಮವಿದೆ. ಇವೆಲ್ಲಕ್ಕೂ ಅಂಟಿಕೊಂಡಿರುವ ಮಾತೆಂದರೆ 'ಲಭ್ಯತೆಗೆ ಒಳಪಟ್ಟು' ಎಂಬುದು. ಇಡೀ ವಿಷಯ ನಿಂತಿರುವುದು ಈ ಎರಡು ಪದಗಳ ಮೇಲೆ.

ಕೋಣೆಗಳ ಹಂಚಿಕೆ ನಾವು ಸೂಟ್‌ಕೇಸ್ ಎಳೆದುಕೊಂಡು ಫ್ರಂಟ್ ಡೆಸ್ಕ್ ಮುಂದೆ ನಿಲ್ಲುವ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ. ಹಿಂದಿನ ದಿನವೋ ಅಂದು ಬೆಳಿಗ್ಗೆಯೋ ಸಿಬ್ಬಂದಿ ಬರಲಿರುವವರ ಪಟ್ಟಿಯನ್ನು ಮುಂದಿಟ್ಟುಕೊಂಡು, ಮೇಲಿನ ದರ್ಜೆಯವರಿಂದ ಆರಂಭಿಸಿ ಕೋಣೆಗಳನ್ನು ಕಾದಿರಿಸುತ್ತಾ ಹೋಗುತ್ತಾರೆ. ಎಲ್ಲಕ್ಕಿಂತ ಕೆಳಗಿನ ದರ್ಜೆಯ ಕೋಣೆಗಳನ್ನು ಹೋಟೆಲು ಇರುವುದಕ್ಕಿಂತ ಹೆಚ್ಚಾಗಿ ಮಾರಿದ್ದರೆ, ಯಾರನ್ನಾದರೂ ಮೇಲಕ್ಕೆ ಕಳುಹಿಸಲೇಬೇಕಾಗುವುದರಿಂದ ಆ ದಿನ ಸದಸ್ಯರಿಗೆ ಒಳ್ಳೆಯ ದಿನ. ವ್ಯಾಪಾರಕ್ಕೆಂದು ಬರುವವರನ್ನೇ ನಂಬಿದ ಹೋಟೆಲುಗಳಲ್ಲಿ ಮಂಗಳವಾರ ಸಿಗದ ಸೂಟ್ ಶನಿವಾರ ಸುಲಭವಾಗಿ ಸಿಗುತ್ತದೆ. ವಿಹಾರಧಾಮಗಳಲ್ಲಿ ಇದು ಸರಿಯಾಗಿ ತಿರುಗುಮುರುಗು. ಅಲ್ಲದೆ ಮೇಲಿನ ದರ್ಜೆಯವರ ಸಾಲೂ ಈಗ ಉದ್ದವಾಗಿದೆ. 2016ರಲ್ಲಿ ಸ್ಟಾರ್‌ವುಡ್ ಎಂಬ ಇನ್ನೊಂದು ಹೋಟೆಲ್ ಸಂಸ್ಥೆಯನ್ನು ಕೊಂಡ ಮ್ಯಾರಿಯಟ್ 2018ರಲ್ಲಿ ಎರಡೂ ಕಡೆಯ ಸದಸ್ಯರನ್ನು ಒಂದೇ ಯೋಜನೆಗೆ ತಂದಿತು. ಜೊತೆಗೆ ಅಮೆರಿಕದಲ್ಲಿ ಕೆಲವು ಕ್ರೆಡಿಟ್ ಕಾರ್ಡುಗಳು ಒಂದು ರಾತ್ರಿಯನ್ನೂ ಕಳೆಯದವರಿಗೆ ನೇರವಾಗಿ ಮೇಲಿನ ದರ್ಜೆಯನ್ನು ಕೊಡುತ್ತವೆ.

ಮೊದಲ ವರ್ಷ ಒಂದು ಹೋಟೆಲಿನಲ್ಲಿ ನನಗೆ ಸೂಟ್ ಇಲ್ಲವೆಂದರು. ನನ್ನ ಫೋನಿನ ಆ್ಯಪ್‌ನಲ್ಲಿ ಅದೇ ರಾತ್ರಿಗೆ ಸೂಟ್ ಮಾರಾಟಕ್ಕಿತ್ತು. ಅದನ್ನು ತೋರಿಸಿ ವಾದಿಸಿದೆ, ಫಲವಾಗಲಿಲ್ಲ, ಬೇಸರದಿಂದಲೇ ಮಲಗಲು ಹೋದೆ. ಆಮೇಲೆ ನಿಯಮಗಳನ್ನು ಸಾವಧಾನದಿಂದ ಓದಿದಾಗ ತಿಳಿದದ್ದೇನೆಂದರೆ, ನಾನು ಐದು ರಾತ್ರಿಗಳಿಗೆ ಬುಕ್ ಮಾಡಿದ್ದೆ ಮತ್ತು ನಿಯಮದಂತೆ ಆ ಐದೂ ರಾತ್ರಿ ಸೂಟ್ ಖಾಲಿಯಿರಬೇಕಿತ್ತು. ನಾನು ನೋಡಿದ್ದು ಒಂದೇ ರಾತ್ರಿಯ ಲಭ್ಯತೆಯನ್ನು. ಅಂದಿನಿಂದ ಹೊರಡುವ ಮುನ್ನ ವಾಸದ ಎಲ್ಲ ದಿನಾಂಕಗಳನ್ನೂ ಹಾಕಿ ಹುಡುಕಿ ನೋಡುತ್ತೇನೆ. ಇದ್ದರೆ, ಆ ಕೋಣೆಯ ಹೆಸರನ್ನೇ ಹೇಳಿ ವಿನಯದಿಂದ ಕೇಳುತ್ತೇನೆ. 'ಏನಾದರೂ ಒಳ್ಳೆಯ ಕೋಣೆ ಇದೆಯೇ' ಎನ್ನುವ ಪ್ರಶ್ನೆಗೆ ಇಲ್ಲವೆನ್ನುವುದು ಸುಲಭ. ನಿರ್ದಿಷ್ಟವಾದ ಪ್ರಶ್ನೆಗೆ ಸಿಬ್ಬಂದಿ ಒಮ್ಮೆಯಾದರೂ ಕಂಪ್ಯೂಟರಿನಲ್ಲಿ ನೋಡಿಯೇ ಉತ್ತರಿಸುತ್ತಾರೆ.

ಇನ್ನೊಂದು ಮಾತನ್ನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಮಧ್ಯವರ್ತಿ ಜಾಲತಾಣಗಳಲ್ಲಿ ಕೋಣೆ ಕಾದಿರಿಸಿದರೆ ಸಾಮಾನ್ಯವಾಗಿ ರಾತ್ರಿಗಳೂ ಎಣಿಕೆಗೆ ಬರುವುದಿಲ್ಲ, ದರ್ಜೆಯ ಸೌಲಭ್ಯಗಳನ್ನು ಕೊಡುವ ಕಟ್ಟುಪಾಡೂ ಹೋಟೆಲಿಗಿರುವುದಿಲ್ಲ. ಆದ್ದರಿಂದ ಸಮೂಹದ ಸ್ವಂತ ತಾಣದಲ್ಲಿಯೇ, ಸದಸ್ಯತ್ವದ ಸಂಖ್ಯೆಯನ್ನು ನಮೂದಿಸಿ ಬುಕ್ ಮಾಡಬೇಕು. ಹಾಗೆಂದು ದರ್ಜೆ ಏರಿಸಿಕೊಳ್ಳಲೆಂದೇ ಬೇಡದ ರಾತ್ರಿಗಳಿಗೆ ಹಣ ತೆರುವುದನ್ನು ನಾನು ಒಪ್ಪುವುದಿಲ್ಲ. ಉದ್ಯೋಗದ ಪ್ರಯಾಣದಿಂದ ತಾನಾಗಿ ಬಂದರೆ ಮಾತ್ರ ಅದಕ್ಕೆ ಬೆಲೆ.

ನನ್ನ ದೃಷ್ಟಿಯಲ್ಲಿ ಹೋಟೆಲಿಗೆ ಬಂದಿಳಿದಾಗ ಸಿಗಬಹುದಾದ ಅಪ್‌ಗ್ರೇಡಿಗಿಂತ (ಮೇಲ್ದರ್ಜೆಯ ಕೋಣೆಗಿಂತ) ಮುಂಚೆಯೇ ಖಚಿತವಾಗುವುದು ಎಷ್ಟೋ ಮೇಲು. ಮ್ಯಾರಿಯಟ್‌ನಲ್ಲಿ 50 ರಾತ್ರಿಗಳ ಬಳಿಕ ಆಯ್ದುಕೊಳ್ಳಬಹುದಾದ ಅಪ್‌ಗ್ರೇಡ್ ಪ್ರಶಸ್ತಿಗಳು, ಅಂದರೆ ಮೇಲಿನ ಕೋಣೆ ಕೇಳಲು ಬಳಸುವ ಕೂಪನ್ನಿನಂಥವು, ಇವೆಯಾದರೂ ಅವುಗಳ ಫಲಿತಾಂಶ ತಿಳಿಯಲು ಪ್ರಯಾಣ ಹತ್ತಿರವಾಗುವವರೆಗೆ ಕಾಯಬೇಕು. ಹಯಾತ್‌ನ ಸೂಟ್ ಅಪ್‌ಗ್ರೇಡ್ ಪ್ರಶಸ್ತಿಯನ್ನು ಬುಕಿಂಗ್ ಮಾಡುವಾಗಲೇ, ಸತತ 7 ರಾತ್ರಿಗಳವರೆಗಿನ ಒಂದು ವಾಸಕ್ಕೆ ಬಳಸಿ ಖಚಿತಪಡಿಸಿಕೊಳ್ಳಬಹುದು. ತಂದೆ ತಾಯಿ ನನ್ನನ್ನು ನೋಡಲು ಬಂದಾಗ ನಾನು ಉಳಿಸಿಕೊಂಡಿದ್ದ ಒಂದು ಪ್ರಶಸ್ತಿಯನ್ನು ಅವರಿಗಾಗಿ ಬಳಸಿದೆ. ದೀರ್ಘ ವಿಮಾನಯಾನದ ನಂತರ ತಂದೆಗೆ ನಡುರಾತ್ರಿ ಮೂರು ಗಂಟೆಗೇ ಎಚ್ಚರವಾಗುತ್ತಿತ್ತು. ಅವರು ಮಲಗುವ ಕೋಣೆಯ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿ, ಹೊರಗಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಬೆಳಗಾಗುವವರೆಗೆ ಓದುತ್ತಿದ್ದರು. ಒಳಗೆ ಅಮ್ಮನ ನಿದ್ದೆಗೆ ಭಂಗ ಬರಲಿಲ್ಲ.