ಇಲ್ಲ ದೊಡ್ಡಪ್ಪ, ಗೊತ್ತಾಗಲ್ಲ

"ಅದರಿಂದ ಈ ಸಲ ಹೂ ಮಳೆ ಯಾವಾಗ ಅಂತ ಗೊತ್ತಾಗುತ್ತಾ ಮಗಾ?"

"ಇಲ್ಲ ದೊಡ್ಡಪ್ಪ, ಗೊತ್ತಾಗಲ್ಲ."

ಭಾನುವಾರ ಮೂಡಿಗೆರೆ ಕಡೆಯ ಒಂದು ಗೃಹಪ್ರವೇಶದಲ್ಲಿ ನಡೆದ ಮಾತು ಇಷ್ಟೇ. ಕೇಳಿದವರು ಅಕ್ಕನ ಭಾವ, ಕಾಫಿ ಬೆಳೆಗಾರರು; ಕಾಫಿ ಗಿಡದಲ್ಲಿ ಹೂ ಬಿಡಿಸುವ ಬೇಸಿಗೆ ಮಳೆಗೆ ನಮ್ಮಲ್ಲಿ ಹೂ ಮಳೆ ಅನ್ನುತ್ತಾರೆ. ಹೇಳಿದವಳು ಅಕ್ಕನ ಮಗಳು, ಸಮುದ್ರತಳದ ಕೆಸರಿನಿಂದ ಹಳೆಯ ಕಾಲದ ಹಿಮ, ಮುಂಗಾರಿನ ಚರಿತ್ರೆ ಓದುವ ವಿಷಯದಲ್ಲಿ ಗೋವಾದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ. ಅವರು ನಕ್ಕು ಎದ್ದು ಹೋದರು. ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬರು, "ಮತ್ಯಾಕಮ್ಮ ಸಮುದ್ರದ ಕೆಸರು ತೊಳೀತಾ ಕೂತಿದೀಯ? ಸುಮ್ನೆ ಬ್ಯಾಂಕ್ ಪರೀಕ್ಷೆ ಬರಿ" ಅಂದರು. ಆ ಮನುಷ್ಯನ ಮಾತು ನನಗೆ ಅಷ್ಟು ನಾಟಲಿಲ್ಲ, ಅವರು ಎಲ್ಲರಿಗೂ ಹಾಗೇ ಹೇಳುತ್ತಾರೆ. ಆದರೆ ಭಾವನ ಪ್ರಶ್ನೆ ಮತ್ತು ಹುಡುಗಿಯ ಆ "ಇಲ್ಲ" ವಾರವೆಲ್ಲ ತಲೆಯಲ್ಲಿ ಉಳಿದುಬಿಟ್ಟಿದೆ. ಸ್ವಲ್ಪ ಸುತ್ತಿ ಬಳಸಿ "ಮುಂದೆ ಗೊತ್ತಾಗಬಹುದು" ಅಂದಿದ್ದರೆ ಅಲ್ಲಿ ಕೂತಿದ್ದ ಎಲ್ಲರೂ ತಲೆಯಾಡಿಸುತ್ತಿದ್ದರು. ಅವಳು ಹಾಗೆ ಹೇಳಲಿಲ್ಲ.

ರಾತ್ರಿ ನಮ್ಮ ಮನೆಯಲ್ಲಿ ಉಳಿದಳು. ಅವಳ ಕೆಲಸ ಏನಂತ ನಾನು ಸರಿಯಾಗಿ ಕೇಳಿದ್ದು ಅವತ್ತೇ.

ಸಮುದ್ರದಲ್ಲಿ ಫೊರಾಮಿನಿಫೆರಾ, ಚಿಕ್ಕದಾಗಿ ಫೊರಾಮ್, ಅನ್ನೋ ಜೀವಿಗಳಿವೆ. ಒಂದೇ ಜೀವಕೋಶ, ಬಹಳಷ್ಟಕ್ಕೆ ಮೇಲೆ ಸುಣ್ಣದ ಚಿಪ್ಪು. ಹೆಚ್ಚಿನವು ಒಂದು ಮಿಲಿಮೀಟರಿಗಿಂತ ಚಿಕ್ಕವು. ಸತ್ತ ಮೇಲೆ ಚಿಪ್ಪು ತಳಕ್ಕೆ ಇಳಿಯುತ್ತದೆ, ಕೆಸರಿನ ಜೊತೆ ಪದರ ಪದರವಾಗಿ ಕೂರುತ್ತದೆ. ಆಳ ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಸೇರುವುದು ಕೆಲವೇ ಸೆಂಟಿಮೀಟರ್ ಕೆಸರು. ಹಡಗಿನಿಂದ ಕೊಳವೆ ಇಳಿಸಿ ಆ ಕೆಸರನ್ನು ಕಂಬದ ಹಾಗೆಯೇ ಮೇಲೆತ್ತುತ್ತಾರೆ. ನಮ್ಮ ಹುಡುಗಿ ಅದರ ಒಂದೊಂದು ಚೂರನ್ನು 63 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಕಣ್ಣಿನ ಜರಡಿಯಲ್ಲಿ ತೊಳೆಯುತ್ತಾಳೆ. ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದೇ ಚಿಪ್ಪು ಎತ್ತಿ ಜಾತಿ ಬೇರೆ ಮಾಡುತ್ತಾಳೆ. ಒಂದು ಮಾದರಿಗೆ ಮುನ್ನೂರರಷ್ಟು ಎಣಿಸಬೇಕಂತೆ. ಕೆಸರು ತೊಳೆಯುವುದು ಅಂದರೆ ಇದು.

ಆ ಚಿಪ್ಪಿನಲ್ಲಿ ಹಳೆಯ ಕಾಲದ ಹಿಮದ ಲೆಕ್ಕ ಹೇಗೆ ಸೇರಿತು ಅನ್ನುವುದನ್ನು ಅವಳು ಹೇಳಿದಾಗ ನಾನು ಮತ್ತೊಮ್ಮೆ ಹೇಳಿಸಿಕೊಂಡೆ. ನೀರಿನ ಆಮ್ಲಜನಕದಲ್ಲಿ ಹಗುರದ್ದೊಂದು ಇದೆ, ಭಾರದ್ದೊಂದು ಇದೆ: 16 ಮತ್ತು 18. ಆವಿಯಾಗುವಾಗ ಹಗುರದ್ದು ಜಾಸ್ತಿ ಮೇಲೇಳುತ್ತದೆ. ಮಳೆಯಾಗಿ ಬಿದ್ದರೆ ನದಿ ಹಿಡಿದು ಮತ್ತೆ ಸಮುದ್ರಕ್ಕೆ ಬರುತ್ತದೆ. ಆದರೆ ಧ್ರುವದ ಕಡೆ ಹಿಮವಾಗಿ ಬಿದ್ದು ಅಲ್ಲೇ ಗಟ್ಟಿಯಾದರೆ ವಾಪಸ್ ಬರುವುದಿಲ್ಲ. ಹಿಮಯುಗದಲ್ಲಿ ಹೀಗೆ ಹಗುರದ್ದು ಜಾಸ್ತಿ ಹಿಮದಲ್ಲಿ ಸಿಕ್ಕಿಕೊಂಡು ಸಮುದ್ರದಲ್ಲಿ ಭಾರದ್ದರ ಪಾಲು ಏರುತ್ತದೆ. ಆಗ ಬದುಕಿದ್ದ ಫೊರಾಮ್ ಆ ನೀರಿನಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತದೆ.

ತಂಪು ನೀರಿನಲ್ಲಿ ಕಟ್ಟಿದ ಚಿಪ್ಪಿನಲ್ಲೂ ಭಾರದ್ದು ಜಾಸ್ತಿ ಇರುತ್ತದೆ. ಹಾಗಾಗಿ 1955ರಲ್ಲಿ ಚೆಸಾರೆ ಎಮಿಲಿಯಾನಿ ಅನ್ನೋ ವಿಜ್ಞಾನಿ ಕೆಸರಿನ ಪದರಗಳ ಚಿಪ್ಪಿನಲ್ಲಿ ಭಾರದ್ದರ ಈ ಏರಿಳಿತವನ್ನು ಮೊದಲ ಬಾರಿ ತೋರಿಸಿದಾಗ, ಅದು ಬಹುಪಾಲು ನೀರಿನ ಬಿಸಿ ತಣ್ಣನೆಯ ಕಥೆ ಅಂದುಕೊಂಡಿದ್ದರು. 1967ರಲ್ಲಿ ನಿಕೋಲಸ್ ಶ್ಯಾಕಲ್ಟನ್ ಅನ್ನೋ ಇನ್ನೊಬ್ಬ ವಿಜ್ಞಾನಿ ಬೇರೆ ದಾರಿ ಹಿಡಿದರು. ಸಮುದ್ರದ ಮೇಲ್ಭಾಗದಲ್ಲಿ ಬದುಕುವ ಫೊರಾಮ್ ಜೊತೆಗೆ ತಳದಲ್ಲೇ ಬದುಕುವ ಫೊರಾಮ್ ಕೂಡ ನೋಡಿದರು. ತಳದ ನೀರು ಈಗಲೇ ತುಂಬಾ ತಣ್ಣಗಿದೆ, ಹಿಮಯುಗದಲ್ಲಿ ಅದು ಇನ್ನೆಷ್ಟು ತಣ್ಣಗಾದೀತು? ಆದರೂ ಎರಡರಲ್ಲೂ ಏರಿಳಿತ ಹೆಚ್ಚುಕಡಿಮೆ ಒಂದೇ. ಅಂದರೆ ಚಿಪ್ಪು ಮುಖ್ಯವಾಗಿ ಹೇಳುತ್ತಿರುವುದು ಭೂಮಿಯ ಮೇಲೆ ಎಷ್ಟು ಹಿಮ ಇತ್ತು ಅನ್ನುವುದನ್ನು. ಎಷ್ಟು ಸರಳ ಯೋಚನೆ, ಅಲ್ವಾ? ನನಗೆ ಮೈ ಜುಮ್ ಅಂತು.

1976ರಲ್ಲಿ ಹೇಸ್, ಇಂಬ್ರಿ ಮತ್ತು ಶ್ಯಾಕಲ್ಟನ್ ದಕ್ಷಿಣ ಹಿಂದೂ ಮಹಾಸಾಗರದ ಎರಡು ಕೆಸರಿನ ಕಂಬಗಳಿಂದ ಸುಮಾರು ನಾಲ್ಕೂವರೆ ಲಕ್ಷ ವರ್ಷದ ಚರಿತ್ರೆ ಓದಿದರು. ಭೂಮಿಯ ಕಕ್ಷೆ ಮತ್ತು ಅಕ್ಷದ ಓಲಾಟ ಬದಲಾದ ಹಾಗೆ ಹಿಮಯುಗ ಬಂದು ಹೋಗಿರುವುದು ಅದರಲ್ಲಿ ಕಂಡಿತು. ಈ ಲೆಕ್ಕವನ್ನು ಸರ್ಬಿಯಾದ ವಿಜ್ಞಾನಿ ಮಿಲಾಂಕೋವಿಚ್ ಎಷ್ಟೋ ಮುಂಚೆ ಕಾಗದದ ಮೇಲೆ ಹಾಕಿಟ್ಟಿದ್ದರು. ಅವರು 1958ರಲ್ಲೇ ತೀರಿಕೊಂಡರು. ಇದನ್ನು ಕೇಳಿದಾಗ ನನಗೆ ಭಾವನ ಪ್ರಶ್ನೆ ಮತ್ತೆ ನೆನಪಾಯಿತು. ಮಿಲಾಂಕೋವಿಚ್‌ಗೂ ಯಾರಾದರೂ "ಇದರಿಂದ ಈ ವರ್ಷ ಏನು ಗೊತ್ತಾಗುತ್ತೆ?" ಅಂತ ಕೇಳಿರಬೇಕು.

ಹುಡುಗಿ ಎಣಿಸುವ ಚಿಪ್ಪುಗಳಲ್ಲಿ ಗ್ಲೋಬಿಜೆರಿನಾ ಬುಲಾಯ್ಡಿಸ್ ಅನ್ನೋದು ಒಂದು. ಮುಂಗಾರು ಗಾಳಿ ಜೋರಾಗಿ ಬೀಸಿದಾಗ ಅರಬ್ಬಿ ಸಮುದ್ರದಲ್ಲಿ, ಅದರಲ್ಲೂ ಓಮನ್ ತೀರದ ಬಳಿ, ಕೆಳಗಿನ ತಣ್ಣನೆಯ ಸತ್ವದ ನೀರು ಮೇಲೆ ಬರುತ್ತದೆ. ಆಗ ಇದು ವಿಪರೀತ ಬೆಳೆಯುತ್ತದೆ. ಪದರದಲ್ಲಿ ಇದು ಜಾಸ್ತಿ ಇದ್ದರೆ ಆ ಕಾಲದ ಮುಂಗಾರು ಗಾಳಿ ಜೋರಿತ್ತು ಅಂತ. ಇಪ್ಪತ್ತು ಸಾವಿರ ವರ್ಷದ ಹಿಂದೆ, ಹಿಮ ಬಹಳ ಇದ್ದಾಗ, ಮುಂಗಾರು ಸೊರಗಿತ್ತು. ಆಗ ಸಮುದ್ರ ಮಟ್ಟ ಈಗಿಗಿಂತ ಸುಮಾರು 120 ಮೀಟರ್ ಕೆಳಗಿತ್ತು, ಮಂಗಳೂರಿನ ತೀರ ಹತ್ತಾರು ಕಿಲೋಮೀಟರ್ ಪಶ್ಚಿಮಕ್ಕಿತ್ತು. ಒಂಬತ್ತು ಹತ್ತು ಸಾವಿರ ವರ್ಷದ ಹಿಂದೆ ಅದೇ ಮುಂಗಾರು ತುಂಬಾ ಜೋರಾಯಿತು. ನಮ್ಮ ಚಾರ್ಮಾಡಿ, ಮುಳ್ಳಯ್ಯನಗಿರಿಗೆ ಬಡಿಯುವ ಮಳೆ ಬರುವುದು ಇದೇ ಸಮುದ್ರದಿಂದ.

ಹಾಗಿದ್ದರೆ ಇದು ನಮ್ಮ ವಿಷಯ ಅಲ್ಲದೆ ಮತ್ತ್ಯಾರದು?

ಭಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಒಳ್ಳೆಯ ಬೆಳೆಗಾರರು, ಆಳುಗಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಈ ವರ್ಷದ ಫಸಲಿಗೆ ಬರದ ಯಾವುದಕ್ಕೂ ಅವರಲ್ಲಿ ಜಾಗ ಕಡಿಮೆ. ಅದೇ ಮನುಷ್ಯ ದಿನಾ ಬೆಳಿಗ್ಗೆ ಮಳೆ ಮಾಪಕ ನೋಡಿ "20 ಸೆಂಟ್ಸ್", "ಒಂದು ಇಂಚು" ಅಂತ ಬರೆದಿಡುತ್ತಾರೆ (ನೂರು ಸೆಂಟ್ಸ್ ಅಂದರೆ ಒಂದು ಇಂಚು). ಅವರಪ್ಪನೂ ಬರೆಯುತ್ತಿದ್ದರು. ಆ ಪುಸ್ತಕ ನೋಡಿ ಮುಂದಿನ ಹೂ ಮಳೆ ಯಾವ ದಿನ ಅಂತ ಅವರಿಗಾದರೂ ಗೊತ್ತಾಗುತ್ತಾ? ಗೊತ್ತಾಗಲ್ಲ. ಆದರೂ ಬರೆಯುವುದನ್ನು ಬಿಟ್ಟಿಲ್ಲ. ಹುಡುಗಿ ಓದುತ್ತಿರುವುದೂ ಅಂಥದ್ದೇ ಒಂದು ಮಳೆ ಪುಸ್ತಕ. ಬರೆದಿದ್ದು ಸಮುದ್ರ, ಅಷ್ಟೇ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದು ಮನೆ, ತೋಟ ಹೋದಾಗ ಎಲ್ಲರ ಬಾಯಲ್ಲೂ ಒಂದೇ ಮಾತಿತ್ತು: "ನಮ್ಮ ತಾತನ ಕಾಲದಲ್ಲೂ ಹೀಗಾಗಿರಲಿಲ್ಲ." ಮಳೆಯ ವಿಷಯದಲ್ಲಿ ತಾತನ ಕಾಲ ತೀರಾ ಹತ್ತಿರದ್ದು. ಅದರಾಚೆ ನೋಡಲು ನಮ್ಮಲ್ಲಿ ಬೇರೆ ಏನಿದೆ? ಸಮುದ್ರದ ಕೆಸರು ಒಂದು ದಿನದ ಮಳೆ ಹೇಳುವುದಿಲ್ಲ. ನಮ್ಮ ಪುಸ್ತಕಗಳು ಸಾವಿರ ವರ್ಷ ಹೇಳುವುದಿಲ್ಲ. ಎರಡೂ ಬೇಕು ಅಂತ ಅವಳೇ ಹೇಳಿದಳು, ದೊಡ್ಡಪ್ಪನ ಮೇಲೆ ಒಂದಿಷ್ಟೂ ಬೇಜಾರಿಲ್ಲದೆ.

ಅದಕ್ಕೇ ಇದನ್ನು ಓದುತ್ತಿರುವ ತೋಟದ ಮನೆಯವರಲ್ಲಿ ನನ್ನದೊಂದು ಕೋರಿಕೆ. ಅಟ್ಟದಲ್ಲೋ ಬೀರುವಿನಲ್ಲೋ ಹಳೆಯ ಮಳೆ ಪುಸ್ತಕ ಇದ್ದರೆ ರದ್ದಿಗೆ ಹಾಕಬೇಡಿ. ಒಂದೊಂದು ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಡಿ. ಮಾಪಕ ಎಲ್ಲಿತ್ತು, ಯಾವ ವರ್ಷ ಜಾಗ ಬದಲಾಯಿತು, ಬರೆದವರು ಯಾರು ಅನ್ನುವುದನ್ನೂ ಬದಿಯಲ್ಲಿ ಗುರುತು ಹಾಕಿ. ಭಾವನ ಪುಸ್ತಕಗಳನ್ನು ನಾನೇ ಹೋಗಿ ಕೇಳುತ್ತೇನೆ.