ಮುಂದಿನದು 2,42,000

ಬುಧವಾರ ರಾತ್ರಿ, ಗುಜರಿಯಿಂದ ತಂದ ಇಂಜಿನ್ನಿನ ಟೈಮಿಂಗ್ ಬೆಲ್ಟಿನ (ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಪಟ್ಟಿ) ಮೇಲಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ, ಒರೆಸೋಣ ಅಂತ ಮಗುಚಿದೆ. ಒಳಮೈಯಲ್ಲಿ ಬಿಳಿ ಪೇಂಟ್ ಪೆನ್ನಿನಲ್ಲಿ ಬರೆದ ಮೂರು ಪುಟ್ಟ ಸಾಲುಗಳಿದ್ದವು. 1,42,000. ಬೆಲ್ಟ್, ವಾಟರ್ ಪಂಪ್, ಮೂರು ಸೀಲ್ ಹೊಸದು. ಮುಂದಿನದು 2,42,000.

ಅಷ್ಟೇ. ಹೆಸರಿಲ್ಲ, ತಾರೀಖಿಲ್ಲ. ಒತ್ತಿ ದುಂಡಗೆ ಬರೆದ ಅಂಕಿಗಳು. ಕೊನೆಯ ಸೊನ್ನೆಗೆ ಬಣ್ಣ ಆರುವ ಮೊದಲೇ ಬೆರಳು ತಾಗಿರಬೇಕು, ಸ್ವಲ್ಪ ಹರಡಿಕೊಂಡು ಬೆರಳಿನ ಗೆರೆಗಳು ಹಾಗೇ ಉಳಿದುಬಿಟ್ಟಿದ್ದವು. ಈ ವಾರ ಎಲ್ಲಿ ಕೂತರೂ ಆ ಸೊನ್ನೆಯೇ ಕಣ್ಣಿಗೆ ಬರುತ್ತಿದೆ.

ಗಾಡಿ 1992ರ ಮಾಜ್ದಾ ಎಂಎಕ್ಸ್-5. ದೀಪ ಹಾಕಿದರೆ ನಿದ್ದೆಯಿಂದೆದ್ದು ಕಣ್ಣು ಬಿಟ್ಟಂತೆ ಬಾನೆಟ್ಟಿನಿಂದ ಮೇಲೆ ಬರುತ್ತವಲ್ಲ, ಆ ಮೊದಲ ತಲೆಮಾರಿನದು. ಅದರ ಇಂಜಿನ್ ಕೊಂದವನು ನಾನೇ. ರೇಡಿಯೇಟರಿನ ಮೇಲಿನ ಹೋಸ್ ಕ್ಲಿಪ್ಪಿನ ಹತ್ತಿರ ಉಬ್ಬಿದ್ದನ್ನು ಮೂರು ವಾರ ಮೊದಲೇ ನೋಡಿದ್ದೆ. ಒತ್ತಿಯೂ ನೋಡಿದ್ದೆ, ಮೆತ್ತಗಾಗಿತ್ತು. ಬರೋ ವಾರ ಬದಲಾಯಿಸಿದರಾಯಿತು ಅಂದುಕೊಂಡೆ. ಮುಂದಿನ ವಾರವೂ ಅದನ್ನೇ ಅಂದುಕೊಂಡೆ. ಅದು ಒಡೆದ ದಿನ, ಮನೆ ಇನ್ನೆರಡೇ ಕಿಲೋಮೀಟರ್ ಅಂತ ನಿಲ್ಲಿಸದೆ ಓಡಿಸಿದೆ. ಮುಳ್ಳು ಇನ್ನೂ ಕೆಂಪಿಗೆ ಹೋಗಿಲ್ಲವಲ್ಲ ಅನ್ನುವ ಧೈರ್ಯ. ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿದ್ದರೆ ತಾನೆ ಅದಕ್ಕೆ ಬಿಸಿ ಸರಿಯಾಗಿ ತಿಳಿಯುವುದು; ಕೂಲೆಂಟ್ ಎಲ್ಲ ರಸ್ತೆಗೆ ಹೋಗಿದ್ದಾಗ ಮುಳ್ಳು ಹೇಳುವ ಮಾತಿಗೆ ಏನು ಬೆಲೆ? ಈ ಇಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣ, ಅದರ ಮೇಲೆ ಕೂರುವ ಹೆಡ್ ಅಲ್ಯುಮಿನಿಯಂ. ಎರಡೂ ಒಂದೇ ಸಮ ಹಿಗ್ಗುವುದಿಲ್ಲ. ಹೆಡ್ ಬಾಗಿತ್ತು. ಅದನ್ನಾದರೂ ಮಟ್ಟ ಮಾಡಿಸಬಹುದಿತ್ತು. ಮೂರನೇ ಸಿಲಿಂಡರಿನ ಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರುಗಳಿದ್ದವು. ಅಲ್ಲಿಗೆ ಮುಗಿಯಿತು.

ಇಂಜಿನ್ ಬದಲಾಯಿಸುವುದಾದರೆ 1.8 ಹಾಕು ಅಂತ ಹೇಳಿದವರೇ ಹೆಚ್ಚು. 1994ರ ಮಾದರಿಯಿಂದ ಬಂದ ಆ ಇಂಜಿನ್ 1839 ಸಿಸಿ, ನನ್ನದು 1597. ಶಕ್ತಿ ಹೆಚ್ಚು, ಎಳೆತ ಚೆನ್ನ, ಎಲ್ಲ ನಿಜ. ಆದರೆ ಗಾಳಿ ಅಳೆಯುವ ಮೀಟರೇ ಬೇರೆ ಜಾತಿಯದು. ನನ್ನದರಲ್ಲಿ ಗಾಳಿ ತಳ್ಳಿದಂತೆ ತೆರೆಯುವ ರೆಕ್ಕೆ, ಅದರಲ್ಲಿ ಕಾದ ತಂತಿ. ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್, ವೈರಿಂಗ್ ಎಲ್ಲಕ್ಕೂ ಕೈ ಹಾಕಬೇಕು. ಅದಕ್ಕಿಂತ ಹೆಚ್ಚಾಗಿ, ಹಾಳು ಮಾಡಿದ್ದನ್ನು ಮೊದಲು ಇದ್ದ ಹಾಗೆ ಮಾಡಿ ಕೊಡುವುದು ನನ್ನ ಮೇಲಿದ್ದ ಬಾಕಿ ಅನ್ನಿಸುತ್ತಿತ್ತು. ಆ ಬಾಕಿ ತೀರಿಸುವ ಮೊದಲು ಹೆಚ್ಚಿನ ಶಕ್ತಿ ಕೇಳುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಗುಜರಿಯಲ್ಲಿ ಸಿಕ್ಕಿದ್ದು ಅದೇ 1.6. ಅದಿದ್ದ ಗಾಡಿಯ ಹಿಂದಿನ ಬೂಟು ಸೀಟಿನ ಬೆನ್ನಿನವರೆಗೆ ಮಡಚಿಕೊಂಡಿತ್ತು. ಬಾಗಿಲಿನಿಂದ ಮುಂದಕ್ಕೆ ಮಾತ್ರ ಒಂದು ಗೀರೂ ಇಲ್ಲ.

"ಹಿಂದಿನಿಂದ ಬಿದ್ದಿರೋ ಏಟು ಸರ್," ಅಂದರು ಗುಜರಿಯವರು. "ಇಂಜಿನ್‌ಗೆ ಇನ್ನೂ ಗೊತ್ತೇ ಇಲ್ಲ."

ಡ್ರೈವರ್ ಸೀಟಿನ ಬೆಲ್ಟು ಕತ್ತರಿಸಿತ್ತು. ಹರಿದದ್ದಲ್ಲ, ಹರಿತವಾದದ್ದರಲ್ಲಿ ಓರೆಯಾಗಿ ಕೊಯ್ದದ್ದು. "ಓಡಿಸ್ತಿದ್ದೋರು?" ಅಂತ ಕೇಳಿದೆ.

"ಅದೆಲ್ಲ ನಮಗೆ ಬರಲ್ಲ ಸರ್. ಗಾಡಿ ಬರುತ್ತೆ, ಅಷ್ಟೆ."

ಅವರನ್ನು ಕಲ್ಲುಮನಸ್ಸಿನವರು ಅನ್ನಲಾರೆ. ದಿನಕ್ಕೆ ಇಂಥ ಎಷ್ಟು ಗಾಡಿ ಇಳಿಸಿಕೊಳ್ಳುತ್ತಾರೋ, ಪ್ರತಿಯೊಂದಕ್ಕೂ ಆ ಪ್ರಶ್ನೆ ಕೇಳುತ್ತ ಕೂತರೆ ಬದುಕಲಾಗುವುದಿಲ್ಲ. ಅವಸರವಿಲ್ಲದೆ ನನ್ನ ಎದುರೇ ಇಂಜಿನ್ ಬಿಚ್ಚಿಸಿದರು, ಒಂದು ವೈರನ್ನೂ ಕತ್ತರಿಸಲು ಬಿಡದೆ ಪ್ಲಗ್ ಪ್ಲಗ್ಗೂ ಬಿಡಿಸಿ ಕೊಟ್ಟರು. ಮೀಟರ್ ಕೇಬಲ್ಲಿನಿಂದ ಓಡುವಂಥದ್ದಾದ್ದರಿಂದ ಬ್ಯಾಟರಿ ಇಲ್ಲದೆಯೂ ಅಂಕಿ ಕಾಣುತ್ತಿತ್ತು. 1,51,300. ಬರೆದುಕೊಂಡೆ.

ಗೇರ್‌ಬಾಕ್ಸ್ ಬೇಡ ಅಂದೆ. ಈ ಗಾಡಿಯಲ್ಲಿ ಗೇರ್‌ಬಾಕ್ಸಿಗೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್ಲಿಗೂ ನಡುವೆ ಅಲ್ಯುಮಿನಿಯಂ ತೊಲೆಯೊಂದಿದೆ, ಪವರ್ ಪ್ಲಾಂಟ್ ಫ್ರೇಮ್ ಅನ್ನುತ್ತಾರೆ. ಇಂಜಿನ್ನಿನಿಂದ ಹಿಂದಿನ ಆ್ಯಕ್ಸಲ್‌ವರೆಗೆ ಎಲ್ಲ ಒಂದೇ ಬೆನ್ನುಮೂಳೆಯಂತೆ ಇರಲಿ ಅಂತ ಮಾಡಿದ್ದು. ಆಕ್ಸಲರೇಟರ್ ಒತ್ತಿದ ಕ್ಷಣವೇ ಗಾಡಿ ಓಗೊಡುತ್ತದಲ್ಲ, ಅದರಲ್ಲಿ ಈ ತೊಲೆಯದೂ ಪಾಲಿದೆ. ಆದರೆ ಹಿಂದೆ ಬಿದ್ದ ಏಟು ಮುಂದಕ್ಕೆ ಬರುವ ದಾರಿಯೂ ಅದೇ. ಮನೆಗೆ ತಂದು ಚೈನ್ ಬ್ಲಾಕಿಗೆ ನೇತುಹಾಕಿ ನೋಡಿದರೆ ಇಂಜಿನ್ ಹೊತ್ತಿರುವ ಒಂದು ಪಕ್ಕದ ಮೌಂಟಿನ ರಬ್ಬರ್ ಅರ್ಧಕ್ಕೆ ಹರಿದಿತ್ತು. ಹರಿದ ಜಾಗ ಕಪ್ಪಗೆ, ಹೊಸದಾಗಿ ಹೊಳೆಯುತ್ತಿತ್ತು. ಇಂಜಿನ್ನಿಗೂ ಗೊತ್ತಾಗಿತ್ತು. ಒಂದಷ್ಟು ಹೊತ್ತು ಸುಮ್ಮನೆ ಅದರ ಮೇಲೆ ಕೈಯಿಟ್ಟುಕೊಂಡು ನಿಂತಿದ್ದೆ.

ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವ ಬಲ, ನೋಡಿದೆವು. 172, 175, 170, 174. ನಾಲ್ಕು ಸಿಲಿಂಡರೂ ಹೀಗೆ ಅಕ್ಕಪಕ್ಕ ಬಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಆಯಿಲ್ ಇಳಿಸಿದಾಗ ಜೇನಿನ ಬಣ್ಣದಲ್ಲಿ ಬಂತು. ಏಟು ಬೀಳುವ ಸ್ವಲ್ಪ ದಿನ ಮೊದಲಷ್ಟೇ ಯಾರೋ ಆಯಿಲ್ ಬದಲಾಯಿಸಿದ್ದರು.

ಆಮೇಲೆ ಬುಧವಾರ ಆ ಮುಚ್ಚಳ.

"ಬೆಲ್ಟ್ ಬದಲಾಯಿಸು," ಅಂದ ಅಣ್ಣ. "ಇಂಜಿನ್ ಹೊರಗಿದೆ. ಈಗಾದ್ರೆ ಕೈ ಆಡುತ್ತೆ."

"ಒಂಬತ್ತು ಸಾವಿರ ಕಿಲೋಮೀಟರ್ ಓಡಿದೆ ಅಷ್ಟೇ ಅಣ್ಣ."

"ಅಂತ ಯಾರು ಹೇಳಿದ್ದು?"

ಮುಚ್ಚಳ ಕೊಟ್ಟೆ. ದೀಪಕ್ಕೆ ಹಿಡಿದು ಓದಿ ವಾಪಸು ಕೊಟ್ಟ. "ಗೋಡೆ ಮೇಲೂ ಏನೇನೋ ಬರೆದಿರ್ತಾರೆ ಕಣೋ."

ಅಣ್ಣ ತನ್ನ ಕೈಯಾರೆ ಬಿಗಿ ಮಾಡಿದ್ದನ್ನು ಬಿಟ್ಟು ಬೇರೇನನ್ನೂ ನಂಬುವವನಲ್ಲ. ಅವನ ಗಾಡಿ ಇವತ್ತಿನವರೆಗೆ ದಾರಿಯಲ್ಲಿ ನಿಂತದ್ದು ನಾನು ಕಂಡಿಲ್ಲ, ಹಾಗಾಗಿ ಆ ಅಪನಂಬಿಕೆಗೂ ಒಂದು ಮರ್ಯಾದೆ ಇದೆ. ಆದರೆ ನನಗೆ ಆ ಮಾತು ಚುಚ್ಚಿತು. ಬರೆದವರ ಪರವಾಗಿ ಚುಚ್ಚಿತು. ಆ ಬರಹ ಯಾರಿಗೂ ತೋರಿಸಲು ಬರೆದದ್ದಲ್ಲ. ಗಾಡಿ ಮಾರುವಾಗ ತೋರಿಸಿ ನಾಲ್ಕು ಕಾಸು ಹೆಚ್ಚು ಕೇಳುವ ಹಾಗಿದ್ದರೆ ಮುಚ್ಚಳದ ಹೊರಗೆ ಬರೆಯುತ್ತಿದ್ದರು. ಒಳಗೆ ಬರೆದದ್ದನ್ನು ಓದುವುದು ಮುಂದೊಂದು ದಿನ ಅದೇ ಕೆಲಸಕ್ಕೆ ಕೈ ಹಾಕಿದವರು ಮಾತ್ರ.

ನಂಬುವುದು ಬೇರೆ, ಕಣ್ಣು ಮುಚ್ಚಿ ಒಪ್ಪುವುದು ಬೇರೆ. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಕ್ರ್ಯಾಂಕ್ ತಿರುಗಿಸಿ ಮೊದಲ ಸಿಲಿಂಡರನ್ನು ಟಿಡಿಸಿಗೆ, ಅಂದರೆ ಪಿಸ್ಟನ್ ತೀರ ಮೇಲಿರುವ ಜಾಗಕ್ಕೆ, ತಂದೆ. ವಾಲ್ವು ತೆರೆಸುವ ಎರಡು ಕ್ಯಾಮ್ ಚಕ್ರಗಳ ಮೇಲೆ ಇನ್‌ಟೇಕಿಗೆ 'ಐ', ಎಕ್ಸಾಸ್ಟಿಗೆ 'ಇ' ಅಂತ ಗುರುತಿರುತ್ತದೆ. ಅವೆರಡರ ನಡುವೆ ಬೆಲ್ಟಿನ ಹಲ್ಲು 19 ಇರಬೇಕು. ಒಂದು ಹೆಚ್ಚಾದರೂ ಕಮ್ಮಿಯಾದರೂ ಇಂಜಿನ್ ಓಡುತ್ತದೆ, ಸರಿಯಾಗಿ ಓಡುವುದಿಲ್ಲ. ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟುತ್ತ ಎಣಿಸಿದೆ. 19. ಅಣ್ಣ ಪಕ್ಕಕ್ಕೆ ಸರಿ ಅಂದು ತಾನೂ ಎಣಿಸಿದ. ಬೆಲ್ಟಿನ ಮೇಲೆ ಬಿರುಕಿಲ್ಲ, ಅಂಚು ಸವೆದಿಲ್ಲ, ಮೇಲಿನ ಅಚ್ಚು ಇನ್ನೂ ಓದುವ ಹಾಗಿದೆ. ಕ್ಯಾಮಿನ ಎರಡು ಸೀಲ್, ಕ್ರ್ಯಾಂಕಿನ ಮುಂದಿನ ಸೀಲ್, ಮೂರರ ಸುತ್ತಲೂ ಒಣ. ಆಗ ಅಣ್ಣನೇ ಟಾರ್ಚ್ ಬಿಟ್ಟು ತೋರಿಸಿದ: ಟೆನ್ಷನರಿನ ಬೋಲ್ಟು, ಪಂಪಿನ ಬೋಲ್ಟುಗಳು, ಒಂದೊಂದರ ತಲೆಯಿಂದ ಲೋಹಕ್ಕೆ ಎಳೆದ ಸಣ್ಣ ಬಿಳಿ ಗೆರೆ. ಬಿಗಿ ಮಾಡಿದ ಮೇಲೆ, ಇದು ಆಯಿತು ಅನ್ನುವ ಗುರುತು. ಅದೇ ಪೇಂಟ್ ಪೆನ್ನು. ಒಂದು ಗೆರೆಯೂ ಕದಲಿರಲಿಲ್ಲ.

"ಬಿಡು ಹಾಗಾದ್ರೆ," ಅಂದ. ಅವನ ಬಾಯಿಂದ ಅದು ದೊಡ್ಡ ಮಾತು.

ಈ 1.6ರಲ್ಲಿ ಬೆಲ್ಟ್ ತುಂಡಾದರೂ ವಾಲ್ವಿಗೆ ಪಿಸ್ಟನ್ ಬಡಿಯುವುದಿಲ್ಲ, ಹೆಚ್ಚೆಂದರೆ ದಾರಿಯಲ್ಲಿ ನಿಲ್ಲುತ್ತದೆ. ಬಡಿಯುವ ಇಂಜಿನ್ ಆಗಿದ್ದರೆ ನಾನೂ ಇಷ್ಟು ಗಟ್ಟಿಯಾಗಿ ವಾದಿಸುತ್ತಿರಲಿಲ್ಲ. ಹಿಂಬದಿಯ ಕೆಲಸ ಮಾತ್ರ ಒಂದೂ ಬಿಡಲಿಲ್ಲ: ಕ್ರ್ಯಾಂಕಿನ ಹಿಂದಿನ ಸೀಲ್, ಕ್ಲಚ್ ಪ್ಲೇಟ್, ಹೆಡ್ಡಿನ ಹಿಂಭಾಗದಲ್ಲಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಓ-ರಿಂಗ್, ಹೀಟರಿನ ಹೋಸ್‌ಗಳು. ಇಂಜಿನ್ ಒಳಗೆ ಕೂತ ಮೇಲೆ ಅಲ್ಲಿಗೆ ಕೈ ಹೋಗುವುದು ಕಷ್ಟ. ಎರಡು ಮೌಂಟ್ ಹೊಸದು. ರೇಡಿಯೇಟರಿನ ಎರಡೂ ಹೋಸ್ ಹೊಸದು. ಮೇಲಿನದನ್ನು ಹಾಕುವಾಗ ಅಣ್ಣ ಏನೂ ಅನ್ನಲಿಲ್ಲ.

ಭಾನುವಾರ ಸಂಜೆ ಸ್ಟಾರ್ಟ್ ಮಾಡಿದೆವು. ಮೊದಲು ಕ್ಯಾಮ್ ಸೆನ್ಸರಿನ ಪ್ಲಗ್ ತೆಗೆದು ಬರೀ ಸೆಲ್ಫ್ ಹೊಡೆದೆ. ಅದಿಲ್ಲದೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ, ಇಂಜಿನ್ ಸುಮ್ಮನೆ ತಿರುಗಿ ಆಯಿಲ್ ಎಲ್ಲ ಕಡೆಗೂ ಹೋಗುತ್ತದೆ. 1992ರ ಈ ಗಾಡಿಗಳಲ್ಲಿ ಆಯಿಲ್ ಪ್ರೆಶರ್ ಮೀಟರ್ ನಿಜವಾದ ಒತ್ತಡ ತೋರಿಸುತ್ತದೆ. ಮೊದಲ ಸಲ ಮುಳ್ಳು ಅಲ್ಲಾಡಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ನಡುಗಿತು, ಆಮೇಲೆ ನಿಧಾನವಾಗಿ ಮೇಲೆ ಬಂತು. ಪ್ಲಗ್ ಹಾಕಿ ಕೀ ತಿರುಗಿಸಿದೆ. ಹತ್ತಿಕೊಂಡಿತು. ವಾಲ್ವಿನ ಲಿಫ್ಟರುಗಳು ಸ್ವಲ್ಪ ಹೊತ್ತು ಟಕಟಕ ಅಂದು, ಆಯಿಲ್ ತುಂಬಿದಂತೆ ಒಂದೊಂದೇ ಸುಮ್ಮನಾದವು. ಟೈಮಿಂಗ್ ಲೈಟ್ ಹಿಡಿದು ಕಿಡಿ ಹಾರುವ ಹೊತ್ತನ್ನು 10 ಡಿಗ್ರಿಗೆ ಕೂರಿಸಿದೆ. ನಿಮಿಷಕ್ಕೆ 850 ಸುತ್ತಿನಲ್ಲಿ ಸಮನಾಗಿ ಓಡತೊಡಗಿತು.

ಆ ಸದ್ದು ಕೇಳುತ್ತ ನಿಂತಾಗ ನನಗೆ ಖುಷಿಯ ಜೊತೆಗೇ ಇನ್ನೊಂದು ಬಂತು. ಹೀಗೇ ಇದು ಇನ್ಯಾರಿಗೋ ಕೇಳಿಸುತ್ತಿತ್ತು. ನಾನು ಒಂದು ಹೋಸನ್ನು ಮುಂದಿನ ವಾರಕ್ಕೆ ತಳ್ಳುತ್ತಿದ್ದ ಕಾಲದಲ್ಲಿ ಅವರು ಒಂದು ಲಕ್ಷ ಕಿಲೋಮೀಟರ್ ಆಚೆಯ ಕೆಲಸವನ್ನು ಇವತ್ತೇ ಬರೆದಿಟ್ಟರು. ಎಚ್ಚರ ತಪ್ಪಿದ ನನ್ನ ಗಾಡಿಗೆ ಎಚ್ಚರ ತಪ್ಪದ ಅವರ ಇಂಜಿನ್ ಬಂದಿದೆ. ಇದರಲ್ಲಿ ನ್ಯಾಯ ಎಲ್ಲಿದೆ ಅಂತ ಎಷ್ಟು ಯೋಚಿಸಿದರೂ ಸಿಕ್ಕಿಲ್ಲ. ಸೀಟ್ ಬೆಲ್ಟು ಕೊಯ್ದು ಅವರನ್ನು ಹೊರಗೆ ತೆಗೆದಿದ್ದಾರೆಂದರೆ, ಉಳಿಸಿಕೊಳ್ಳಬಹುದು ಅಂತಲೇ ಕೊಯ್ದಿರಬೇಕು. ಹಾಗಂತ ನಂಬಿಕೊಂಡಿದ್ದೇನೆ. ಈ ನಂಬಿಕೆಗೆ ಎಣಿಸಿ ನೋಡಲು ಹಲ್ಲುಗಳಿಲ್ಲ.

ಇಂಜಿನ್ ಆರಿಸಿದ ಮೇಲೆ ಅಣ್ಣ ಒಂದು ರಟ್ಟಿನ ಚೂರು ಹಿಡಿದು ಲೆಕ್ಕ ಹಾಕುತ್ತ ಕೂತಿದ್ದ. ನನ್ನ ಗಾಡಿಯ ಮೀಟರ್ 2,18,640. ಇಂಜಿನ್ನಿನದು 1,51,300. ಆ ಮುಚ್ಚಳದ ಲೆಕ್ಕಕ್ಕೆ ಇನ್ನು 90,700 ಬಾಕಿ.

"ನಿನ್ನ ಮೀಟರಲ್ಲಿ 3,09,340 ಆಗುತ್ತೆ," ಅಂದ. "ಎಲ್ಲಿ ನಿನ್ನ ಪೇಂಟ್ ಪೆನ್ನು? ಬಾನೆಟ್ ಒಳಗಡೆ ಬರೀತೀನಿ."

ಕೊಟ್ಟೆ. ಪೆನ್ನಿನ ಮುಚ್ಚಳ ತೆಗೆದು, ತುದಿಯನ್ನು ರಟ್ಟಿನ ಮೇಲೆ ಒತ್ತಿ ಬಣ್ಣ ಇಳಿಸಿ, ತಲೆ ಎತ್ತಿದ. "ಅಲ್ಲೀವರೆಗೆ ನೀನು ಇಟ್ಕೊಂಡಿರ್ತೀಯಾ ಈ ಗಾಡೀನ?"

"ಗೊತ್ತಿಲ್ಲ. ನೀನು ಬರಿ ಅಣ್ಣ," ಅಂದೆ.