ಹನ್ನೆರಡು ಗಂಟೆ ಆದ್ಮೇಲೂ ಡಿಜೆ ಬಾಕ್ಸ್ ಆಫ್ ಆಗ್ಲಿಲ್ಲ

ವಿಜಯದಶಮಿ ರಾತ್ರಿ ಎರಡೂವರೆ. ಅಡುಗೆಮನೆ ಸ್ಟ್ಯಾಂಡಲ್ಲಿ ಕವುಚಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಟಕಟ ಅಂತಿದ್ವು, ಒಂದು ಲೋಟ ಜರುಗಿ ಜರುಗಿ ಅಂಚಿಗೆ ಬಂದಿತ್ತು. ನಮ್ಮತ್ತೆ ಹಾರ್ಟ್ ತೊಂದರೆಯಾಗಿ ಆಸ್ಪತ್ರೆಲಿದ್ದು ಮನೆಗೆ ಬಂದು ನಾಲ್ಕೇ ದಿನ ಆಗಿತ್ತು, ಡಿಜೆ ಬೇಸ್ ಗುದ್ದಿದಾಗೆಲ್ಲ ಎದೆ ಮೇಲೆ ಕೈ ಇಟ್ಕೊಳ್ತಿದ್ರು. "ಇನ್ನೆಷ್ಟು ಮಂಟಪ ಬರ್ಲಿಕ್ಕೆ ಉಂಟು ಮಗಾ?" ಅಂದ್ರು. ಮಂಟಪ ಅಂದ್ರೆ ನಮ್ಮ ದಸರಾ ಮೆರವಣಿಗೆಲಿ ಟ್ರ್ಯಾಕ್ಟರ್ ಮೇಲೆ ಬರೋ, ಮೂರ್ತಿಗಳಿಂದ ಕಥೆ ಹೇಳೋ ಸ್ತಬ್ಧಚಿತ್ರ. ಬಂದಿದ್ದು ಇನ್ನೂ ನಾಲ್ಕು, ಆರು ಬಾಕಿ ಇತ್ತು. ನಾನು ಸುಳ್ಳು ಹೇಳಿದೆ, ಆಯ್ತು ಅತ್ತೆ, ಇನ್ನೊಂದೇ ಅಂತ.

ಮಡಿಕೇರಿ ದಸರಾ ಅಂದ್ರೆ ನನಗೆ ಪ್ರಾಣ. ಹತ್ತು ಮಂಟಪ ರಾತ್ರಿಯಿಡೀ ಬೆಳಗಿನವರೆಗೆ ಹೋಗೋದನ್ನ ಚಿಕ್ಕಂದಿನಿಂದ ನೋಡಿದವಳು ನಾನು. ಆದ್ರೆ "ದಸರಾಗೆ ಸೌಂಡ್ ರೂಲ್ಸ್ ಇಲ್ಲ, ವಿನಾಯಿತಿ ಇದೆ" ಅಂತ ಎಲ್ರೂ ಹೇಳ್ತಾರಲ್ಲ, ಆ ವಿನಾಯಿತಿ ಏನೂಂತ ಹುಡುಕಿ ಓದಿದೆ.

ಶಬ್ದ ಮಾಲಿನ್ಯದ್ದು 2000ನೇ ಇಸ್ವಿಯ ಕೇಂದ್ರದ ನಿಯಮ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗಡೆ ಲೌಡ್‌ಸ್ಪೀಕರ್ ಹಾಕೋ ಹಾಗಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮ ಅಂದ್ರೆ ರಾಜ್ಯ ಸರ್ಕಾರ 10ರಿಂದ 12ರವರೆಗೆ ಬಿಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರಬಾರದು. ಅಷ್ಟೇ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿ ಹಿಡೀತು, ಜೊತೆಗೆ ಗೆರೆನೂ ಎಳೀತು: ಆ ಎರಡು ಗಂಟೆ ಅವಧಿಯನ್ನ ಒಂದು ನಿಮಿಷವೂ ವಿಸ್ತರಿಸೋ ಹಾಗಿಲ್ಲ, ದಿನಗಳನ್ನ ಹೆಚ್ಚಿಸೋ ಹಾಗಿಲ್ಲ, ಆಸ್ಪತ್ರೆ ಸುತ್ತಮುತ್ತಲಿನ ನಿಶ್ಯಬ್ದ ವಲಯಕ್ಕಂತೂ ವಿನಾಯಿತಿ ಇಲ್ವೇ ಇಲ್ಲ. ನಿಶ್ಯಬ್ದ ವಲಯ ಅಂದ್ರೆ ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತ ಕನಿಷ್ಠ 100 ಮೀಟರ್ ಅಂತ ಸರ್ಕಾರ ಘೋಷಿಸಿದ ಜಾಗ, ಅಲ್ಲಿ ರಾತ್ರಿ ಮಿತಿ 40 ಡೆಸಿಬೆಲ್. ಜನವಸತಿ ಏರಿಯಾದಲ್ಲಿ 45.

ಅಂದ್ರೆ ಎರಡೂವರೆಗೆ ನಮ್ಮನೆ ಲೋಟ ಕುಣಿಸಿದ್ದಕ್ಕೆ ಯಾವ ವಿನಾಯಿತಿನೂ ಇರ್ಲಿಲ್ಲ.

ಕೊಡಗಿನವರಿಗೆ ಶಬ್ದ ಹೊಸತಲ್ಲ. ಸುಗ್ಗಿ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗ ಗುಂಡು ಹಾರಿಸ್ತಾರೆ, ಕೊಡವರ ಮನೆಲಿ ಸಾವಾದ್ರೆ ಎರಡು ಗುಂಡು ಹೊಡೀತಾರೆ, ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಹೊರಡ್ತಾರೆ. ಆ ಶಬ್ದಕ್ಕೊಂದು ಅರ್ಥ ಇದೆ, ಹೇಳೋದು ಹೇಳಿ ಅದು ನಿಲ್ಲುತ್ತೆ. ಟ್ರ್ಯಾಕ್ಟರ್ ಮೇಲೆ ಆಳೆತ್ತರ ಪೇರಿಸಿದ ಬಾಕ್ಸ್ ನಿಲ್ಲಲ್ಲ. ವಾಲಗ ಮಾತ್ರ ಇರ್ಲಿ ಅಂತ ನನ್ನ ಮನಸ್ಸು ಹೇಳುತ್ತೆ, ಆದ್ರೆ 2010ರ ತಿದ್ದುಪಡಿ ಆದ್ಮೇಲೆ ವಾದ್ಯಗಳೂ ರಾತ್ರಿ ನಿಯಮದೊಳಗೇ ಬರ್ತಾವೆ, ಅದನ್ನ ಮುಚ್ಚಿಟ್ಟು ಮಾತಾಡೋದು ಸರಿಯಲ್ಲ.

ಮಂಟಪ ಬೆಳಗಿನವರೆಗೆ ಹೋಗ್ಲಿ, ಲೈಟಿಂಗ್ ಇರ್ಲಿ, ಮೂರ್ತಿಗಳ ಚಲನೆ ಇರ್ಲಿ, ಕಥೆ ನೋಡೋಕೆ ಜನ ನಿಂತೇ ನಿಲ್ತಾರೆ. ಹನ್ನೆರಡಕ್ಕೆ ಬಾಕ್ಸ್ ಆಫ್ ಮಾಡಿ ಅಂತಷ್ಟೇ ನಾನು ಕೇಳೋದು, ಆಸ್ಪತ್ರೆ ಹತ್ತಿರ ಹಾಕ್ಲೇಬೇಡಿ.

ಅದೇ ನವರಾತ್ರಿಲಿ ಕರಗ ನಮ್ಮ ಬಾಗಿಲಿಗೆ ಬಂದಾಗ ಅತ್ತೆ ಗೋಡೆ ಹಿಡ್ಕೊಂಡು ಎದ್ದು ಬಂದು ತಾವೇ ಆರತಿ ಎತ್ತಿದ್ರು, ಬೇಡ ಅಂದ್ರೂ ಕೇಳ್ಲಿಲ್ಲ. ಈ ಸಲ ನಮ್ಮ ಬೀದಿ ಮಂಟಪದ ಮೀಟಿಂಗಿಗೆ ಅವರನ್ನೇ ಕರ್ಕೊಂಡು ಹೋಗ್ತೀನಿ.